ಯಂತ್ರಕ್ಕೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ?

ಪ್ರೀತಿಯ ಹುಡುಗಾ,

ನೀನು ಕಳಿಸಿದ ಪಿಡಿಎಫ್, ಎಐ ಯಂತ್ರದಿಂದ ಮಾಡಿಸಿದ ಚಿತ್ರಗಳಿರುವ ನಿನ್ನ ಕತೆ ಮತ್ತು ಲೇಖನಗಳು, ಸಿಕ್ಕಿ ಹನ್ನೊಂದು ದಿನ ಆಯಿತು. ಉತ್ತರ ತಡವಾದದ್ದು ಉದಾಸೀನದಿಂದ ಅಲ್ಲ. ಕತೆಯನ್ನು ಮೂರು ಸಲ ಓದಿದೆ, ಮೂರು ಸಲವೂ ಒಂದೇ ಜಾಗದಲ್ಲಿ ಸಿಟ್ಟು ಬಂತು, ಸಿಟ್ಟಿನಲ್ಲಿ ಬರೆಯಬಾರದು ಅಂತ ಸುಮ್ಮನಿದ್ದೆ. ಈಗಲೂ ಪೂರ್ತಿ ಇಳಿದಿಲ್ಲ. ಮತ್ತೆ, ಆ 'ಮೇಡಂ' ಬಿಡು. ಮಣ್ಣಗುಡ್ಡೆಯಲ್ಲಿ ಮನೆಮನೆಗೆ ಮೀನು ತರುವವಳೂ ನನ್ನನ್ನು ಕರೆಯುವುದು ಟೀಚರ್ ಅಂತಲೇ.

ಮೊದಲು ನಿನ್ನ ಪ್ರಶ್ನೆಗಳನ್ನು ಮುಗಿಸುತ್ತೇನೆ. ಯಾವ ಆ್ಯಪ್ ಒಳ್ಳೆಯದು, ಒಂದು ಕತೆಗೆ ಎಷ್ಟು ಚಿತ್ರ ಹಾಕಬೇಕು, ಎಂಥ ಸೈಜು. ಇದನ್ನು ನನ್ನ ಮೊಮ್ಮಗಳು ಐದು ನಿಮಿಷದಲ್ಲಿ ಹೇಳಿಕೊಡುತ್ತಾಳೆ, ನೀನು ಅವಳಿಗಿಂತ ಜಾಸ್ತಿ ಬಲ್ಲವನು. ಆ ಚಿತ್ರಗಳ ಹಕ್ಕು ಯಾರದು ಅಂತ ಕೇಳಿದ್ದೀಯ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರವರಿಯಲ್ಲಿ ಒಂದು ಕಾಮಿಕ್ಸ್ ವಿಷಯದಲ್ಲಿ ಹೇಳಿದ್ದು ಇಷ್ಟು: ಬರೆದ ಮಾತು ಲೇಖಕರದ್ದು, ಚಿತ್ರಗಳನ್ನು ಜೋಡಿಸಿದ ರೀತಿಯೂ ಅವರದ್ದು, ಆದರೆ ಮಿಡ್‌ಜರ್ನಿ ಅನ್ನುವ ಚಿತ್ರದ ಯಂತ್ರ ಮಾಡಿಕೊಟ್ಟ ಒಂದೊಂದು ಚಿತ್ರಕ್ಕೆ ಹಕ್ಕು ಇಲ್ಲ. ಅದು ಅಲ್ಲಿಯ ಮಾತು. ನಿನ್ನ ಕತೆಗೆ ಸದ್ಯ ಕಳ್ಳರ ಭಯವಂತೂ ಇಲ್ಲ, ಬೇಜಾರು ಮಾಡಬೇಡ.

ಈಗ ಸಿಟ್ಟು ಬಂದ ಜಾಗ. ನಾಲ್ಕನೆಯ ಪುಟ. ದುಬೈಯಿಂದ ಅಣ್ಣನ ಫೋನು ಬಂದಿದೆ, ಇನ್ನು ದುಡ್ಡು ಕಳಿಸಲಿಕ್ಕೆ ಆಗುವುದಿಲ್ಲ ಅಂದಿದ್ದಾನೆ. ನೀನು ಬರೆದದ್ದು ಒಂದೇ ಸಾಲು: 'ಅಮ್ಮ ತುಂಬಾ ದುಃಖದಿಂದ ಬೀಡಿ ಕಟ್ಟುತ್ತಾ ಕುಳಿತಿದ್ದಳು.' ಅದರ ಕೆಳಗೆ ಅರ್ಧ ಪುಟದ ಬಣ್ಣದ ಚಿತ್ರ. ಚಿತ್ರದ ಕೆಳಗೆ, ಅಳಿಸಲಿಕ್ಕೆ ಮರೆತೆ ಅಂತ ಕಾಣುತ್ತದೆ, ಆ ಯಂತ್ರಕ್ಕೆ ಕೊಟ್ಟ ಪ್ರಾಂಪ್ಟ್, ಅಂದರೆ ಎಂಥ ಚಿತ್ರ ಬೇಕು ಅಂತ ಹೇಳಿದ ಮಾತು, ಹಾಗೆಯೇ ಉಳಿದಿದೆ. ಅದನ್ನು ಇಲ್ಲಿ ಪುನಃ ಬರೆಯುತ್ತೇನೆ, ಯಾಕೆಂದರೆ ನೀನೇ ಅದನ್ನು ಸರಿಯಾಗಿ ಓದಿಲ್ಲ ಅಂತ ನನ್ನ ಗುಮಾನಿ:

'ಐವತ್ತು ವರ್ಷದ ಹೆಂಗಸು, ಮಳೆಗಾಲದ ಸಂಜೆ, ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದಾಳೆ, ಮಡಿಲಲ್ಲಿ ಮೊರದಂಥ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿ, ಬಲಗೈ ಹೆಬ್ಬೆರಳಿನ ಉಗುರು ಸವೆದು ಅರ್ಧ ಆಗಿದೆ, ಅಳುತ್ತಿಲ್ಲ, ಈಗಷ್ಟೇ ಅತ್ತು ಮುಗಿಸಿದ್ದಾಳೆ, ಆದರೆ ಕೈ ನಿಂತಿಲ್ಲ.'

ಅಯ್ಯೋ ಮಾರಾಯಾ! ಹದಿನಾಲ್ಕು ಪುಟದ ನಿನ್ನ ಕತೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಲು ಇನ್ನೊಂದಿಲ್ಲ. ಇದನ್ನು ಯಂತ್ರಕ್ಕೆ ಹೇಳಿದೆ, ನನಗೆ ಯಾಕೆ ಹೇಳಲಿಲ್ಲ? ನನಗೆ 'ತುಂಬಾ ದುಃಖದಿಂದ' ಅಂತ ಒಣ ಎಲೆ ಕೊಟ್ಟೆ, ಹೊಗೆಸೊಪ್ಪೆಲ್ಲ ಅದಕ್ಕೆ ಕೊಟ್ಟೆ.

ಅದು ಅಷ್ಟನ್ನೂ ತೆಗೆದುಕೊಂಡು ಏನು ಕೊಟ್ಟಿತು ಅಂತ ನೋಡು. ಮೂವತ್ತು ದಾಟದ ಬೆಳ್ಳಗಿನ ಹೆಂಗಸು. ಮೂಗಿನಲ್ಲಿ ದೊಡ್ಡ ನತ್ತು. ರೇಷ್ಮೆ ಸೀರೆ. ಕೈಯಲ್ಲಿ ಬಾಳೆ ಎಲೆಯಷ್ಟು ಅಗಲದ ಎಲೆ, ಅದರಲ್ಲಿ ಸುತ್ತಿದ್ದು ಬೀಡಿಯಲ್ಲ, ಸಿಗಾರು, ಅದರ ತುದಿಯಿಂದ ಹೊಗೆ ಬೇರೆ! ಮನೆಯ ಮಾಡು ಯಾವುದೋ ರೆಸಾರ್ಟಿನದ್ದು. 1865ರಿಂದ ಬಾಸೆಲ್ ಮಿಷನ್ನಿನವರು ಇಲ್ಲಿಯ ಮಣ್ಣಿನಲ್ಲಿ ಹಂಚು ಸುಟ್ಟು ಕಡಲಾಚೆಗೆಲ್ಲ ಕಳಿಸಿದ್ದು ದಂಡ, ಈ ಯಂತ್ರಕ್ಕೆ ಮಂಗಳೂರು ಹಂಚು ಗೊತ್ತಾಗಲಿಲ್ಲ. ಎಲ್ಲದಕ್ಕಿಂತ ಮೇಲೆ, ಕೆನ್ನೆಯ ಮೇಲೆ ಎರಡು ಧಾರೆ ಕಣ್ಣೀರು. ನೀನು ಹೇಳಿದ್ದೇನು? ಅಳುತ್ತಿಲ್ಲ ಅಂತ ತಾನೇ?

ಇದು ಯಾಕೆ ಹೀಗೆ ಅಂತ ಮೊಮ್ಮಗಳನ್ನು ಕೂರಿಸಿಕೊಂಡು ಕೇಳಿದೆ, ಸ್ವಲ್ಪ ಓದಿಯೂ ನೋಡಿದೆ. ಈ ಯಂತ್ರಗಳು ಕಲಿಯುವುದು ಇಂಟರ್ನೆಟ್ಟಿನ ಚಿತ್ರಗಳು ಮತ್ತು ಅವುಗಳ ಜೊತೆ ಬರೆದ ಅಡಿಬರಹಗಳಿಂದ. ಅಂಥ ಒಂದು ಸಂಗ್ರಹದಲ್ಲಿ, ಲಯಾನ್-5ಬಿ ಅಂತ ಅದರ ಹೆಸರು, 585 ಕೋಟಿ ಜೋಡಿಗಳಿದ್ದವಂತೆ. ಅದರಲ್ಲಿ 230 ಕೋಟಿಗೂ ಮೇಲೆ ಇಂಗ್ಲಿಷಿನವು. ಆ ರಾಶಿಯಲ್ಲಿ ನಿನ್ನ ಅಮ್ಮನ ತಡ್ಪೆ ಎಷ್ಟು ಕಡೆ ಸಿಕ್ಕೀತು, ನೀನೇ ಲೆಕ್ಕ ಹಾಕು. ಗೊತ್ತಿಲ್ಲದ ಜಾಗವನ್ನು ಅದು ಖಾಲಿ ಬಿಡುವುದಿಲ್ಲ, ಎಲ್ಲೋ ಜಾಸ್ತಿ ನೋಡಿದ್ದನ್ನು ತಂದು ತುಂಬಿಸುತ್ತದೆ. ನಿನ್ನ ಯಕ್ಷಗಾನದ ಲೇಖನಕ್ಕೆ ಹಸಿರು ಮುಖದ ಕಥಕಳಿ ವೇಷ ಬಂದು ಕೂತದ್ದು ಹಾಗೆಯೇ. ಯಕ್ಷಗಾನದ ಶೈಲಿ ತೆಂಕುತಿಟ್ಟೋ ಬಡಗುತಿಟ್ಟೋ ಅಂತ ನಾವು ಇಲ್ಲಿ ಜಗಳಾಡುತ್ತೇವೆ, ಅದಕ್ಕೆ ಆಟವೇ ಗೊತ್ತಿಲ್ಲ.

ಇನ್ನು ಆ ಕಣ್ಣೀರು. ಚಿತ್ರದ ಅಡಿಬರಹ ಬರೆಯುವವರು ಚಿತ್ರದಲ್ಲಿ ಏನಿದೆ ಅಂತ ಬರೆಯುತ್ತಾರೆಯೇ ಹೊರತು ಏನಿಲ್ಲ ಅಂತ ಯಾರು ಬರೆಯುತ್ತಾರೆ? ಹಾಗಾಗಿ 'ಇಲ್ಲ' ಅನ್ನುವ ಮಾತು ಈ ಯಂತ್ರಗಳಿಗೆ ಸರಿಯಾಗಿ ಹತ್ತುವುದಿಲ್ಲ. ಅಳು ಅಂತ ಕಿವಿಗೆ ಬಿದ್ದರೆ ಸಾಕು, ಅಳಿಸಿಬಿಡುತ್ತದೆ. ಹೊಸತಾಗಿ ಬಂದವು ಸ್ವಲ್ಪ ಸುಧಾರಿಸಿವೆ ಅಂತ ಮೊಮ್ಮಗಳು ವಕಾಲತ್ತು ಮಾಡಿದಳು, ಆಗಲಿ. ಆದರೆ ಕಾಗದದ ಮೇಲೆ 'ಅವಳು ಅಳಲಿಲ್ಲ' ಅಂತ ಬರೆದು ನೋಡು. ಓದುವವನ ಮನಸ್ಸಿನಲ್ಲಿ ಅಳು ಬಂದು, ಗಂಟಲಲ್ಲಿ ನಿಂತು, ವಾಪಸು ಹೋಗುತ್ತದೆ. ಆ ಹೋಗಿ ಬರುವುದನ್ನು ಬಣ್ಣದಲ್ಲಿ ಮಾಡುವುದು ಕಷ್ಟ, ಕನ್ನಡದಲ್ಲಿ ಎರಡು ಪದ ಸಾಕು. ನಿನ್ನ ಕೈಯಲ್ಲಿ ಇದ್ದ ಆ ಎರಡು ಪದವನ್ನು ಬಿಟ್ಟುಕೊಟ್ಟೆಯಲ್ಲ, ಅದೇ ನನಗೆ ತಡೆಯಲಿಕ್ಕೆ ಆಗದ್ದು.

ಆರನೆಯ ಚಿತ್ರ ಇನ್ನೂ ಚಂದ. ಮಲ್ಪೆ, ಕೆಂಪು ಆಕಾಶ, ದೊಡ್ಡ ದೊಡ್ಡ ಬೋಟುಗಳು ತೆರೆ ಸೀಳಿಕೊಂಡು ಹೋಗುತ್ತಿವೆ. ಕ್ಯಾಲೆಂಡರಿಗೆ ಹಾಕಬಹುದು. ಆದರೆ ನಿನ್ನ ಕತೆ ನಡೆಯುವುದು ಜುಲೈಯಲ್ಲಿ ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 61 ದಿನ ಅವು ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ನಾಡದೋಣಿಯವರು ಮಾತ್ರ ಕಡಲು ನೋಡಿಕೊಂಡು ಇಳಿಯುತ್ತಾರೆ. ನಿನ್ನ ಕತೆಯ ಅಪ್ಪ ಮನೆಯಲ್ಲಿ ಚಾಪೆ ಮೇಲೆ ಮಲಗಿರುವುದು ಬೋಟು ನಿಂತದ್ದಕ್ಕೇ. ಅಮ್ಮನ ಬೀಡಿ ದುಡ್ಡಿಗೆ ಆ ಎರಡು ತಿಂಗಳು ಅಷ್ಟು ಬೆಲೆ ಬರುವುದು, ಅಣ್ಣನ ಫೋನು ಅಷ್ಟು ನಾಟುವುದು ಅದಕ್ಕೇ. ಬೋಟು ಕಡಲಿಗೆ ಹೋಗುವುದಾದರೆ ಅಪ್ಪನೂ ಹೋಗಬೇಕಿತ್ತು, ನಿನ್ನ ಕತೆಯೇ ಇರುತ್ತಿರಲಿಲ್ಲ. ನಿನ್ನ ಕತೆಯ ಬುಡ ಕಡಿಯುವ ಚಿತ್ರವನ್ನು ಕತೆಯ ನಡುವೆ ನೀನೇ ಇಟ್ಟಿದ್ದೀಯ, ಅದೂ ಬಣ್ಣ ಚಂದ ಇದೆ ಅಂತ.

ಯಂತ್ರ ಬಂತು ಅಂತ ಬೊಬ್ಬೆ ಹಾಕುವವಳು ನಾನಲ್ಲ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ, ಆಗ ಕಲ್ಲಚ್ಚೇ ಹೊಸ ಯಂತ್ರ. ನಾನು ಬರೆಯಲು ಶುರು ಮಾಡಿದಾಗ ಚಿತ್ರಕ್ಕೆ ಸತುವಿನ ತಗಡಿನ ಮೇಲೆ ಆಸಿಡ್ ಹಾಕಿ ಬ್ಲಾಕ್ ಮಾಡಿಸಬೇಕಿತ್ತು, ಅದಕ್ಕೆ ಖರ್ಚಾಗುತ್ತದೆ ಅಂತ ಸಣ್ಣ ಪತ್ರಿಕೆಯವರು ಹಳೆಯ ಬ್ಲಾಕನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಿದ್ದರು. ನನ್ನ ಒಂದು ಕತೆಯಲ್ಲಿ ಬಾಣಂತಿಯ ಪಕ್ಕ ದೀಪಾವಳಿಯ ಆಕಾಶಬುಟ್ಟಿ ಬಂದಿತ್ತು. ಹಾಗಾಗಿ ಕಥಕಳಿಗೆ ನಾನು ಅಷ್ಟೊಂದು ನಗಬಾರದು.

ಆದರೆ ಒಂದು ವಿಷಯ ನಿನಗೆ ಹೇಳಲೇಬೇಕು. ಇದನ್ನು ನಾನು ಯಾರಿಗೂ ಬರೆದಿಲ್ಲ.

80ರ ದಶಕದಲ್ಲಿ ಒಂದು ವಾರಪತ್ರಿಕೆ ನನ್ನ ಕತೆ ತೆಗೆದುಕೊಂಡಿತು. ನನಗೆ ಆಗ ನಿನಗಿಂತ ನಾಲ್ಕೈದು ವರ್ಷ ಜಾಸ್ತಿ ಇರಬಹುದು. ಬೊಂಬಾಯಿಗೆ ಹೋದ ಗಂಡ, ಬಾರದ ಮನಿಯಾರ್ಡರು, ಪೋಸ್ಟಿನವನ ದಾರಿ ಕಾಯುವ ಹೆಂಡತಿ. ನಮ್ಮ ಜಿಲ್ಲೆಯಲ್ಲಿ ಅಂಥ ಮನೆ ಬೀದಿಗೊಂದು ಇತ್ತು. (ನಿನ್ನ ದುಬೈಯ ಅಣ್ಣ ನನ್ನನ್ನು ಯಾಕೆ ಹಿಡಿದ ಅಂತ ಈಗ ಗೊತ್ತಾಯಿತಲ್ಲ.) ಪತ್ರಿಕೆ ಕೈಗೆ ಬಂತು, ಬಿಚ್ಚಿ ನೋಡಿದೆ. ಚಿತ್ರದಲ್ಲಿ ನನ್ನ ನಾಯಕಿ ಇಲ್ಲ! ಪೋಸ್ಟಿನವನೂ ಇಲ್ಲ. ಒಂದು ಅಂಗಳ, ಅಂಗಳದ ತುಂಬ ಒಣಗಲು ಹರಡಿದ ಅಡಿಕೆ, ಅಷ್ಟೇ. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಅದೇ ದಿನ ಸಂಪಾದಕರಿಗೆ ಕಾರ್ಡು ಬರೆದೆ. 'ನಿಮ್ಮ ಕಲಾವಿದರು ಕತೆ ಓದುವ ಅಭ್ಯಾಸ ಇಟ್ಟುಕೊಂಡಿಲ್ಲವೇ? ನಾನು ಬರೆದದ್ದು ಅಡಿಕೆ ಬೆಲೆಯ ಬಗ್ಗೆ ಅಲ್ಲ.' ಬಹಳ ಚುರುಕಾಗಿ ಬರೆದೆ ಅಂತ ನನಗೇ ಹೆಮ್ಮೆ. ಆ ಕಾರ್ಡನ್ನು ಅವರು ಕಲಾವಿದರಿಗೇ ಕೊಟ್ಟರಂತೆ. ಆ ಮನುಷ್ಯ ಆಮೇಲೆ ನನ್ನ ಯಾವ ಕತೆಗೂ ಚಿತ್ರ ಬರೆಯಲಿಲ್ಲ.

ಆರೇಳು ವರ್ಷದ ಮೇಲೆ ಆ ಕತೆಯನ್ನು ಸಂಕಲನಕ್ಕೆ ಸೇರಿಸಲು ಹಳೆಯ ಸಂಚಿಕೆ ತೆಗೆದೆ. ಆಗ ಕಂಡದ್ದು. ಹರಡಿದ ಅಡಿಕೆಯ ನಡುವೆ ಚಾವಡಿಯ ಮೆಟ್ಟಿಲಿಂದ ಬೇಲಿಯ ತಡಮೆಯವರೆಗೆ ಒಂದು ಸಣ್ಣ ದಾರಿ ಬಿದ್ದಿದೆ. ಯಾರೋ ದಿನಕ್ಕೆ ಹತ್ತು ಸಲ ನಡೆದು ನಡೆದು ಅಡಿಕೆ ಎರಡು ಬದಿಗೆ ಸರಿದು, ನಡುವೆ ಸಗಣಿ ಸಾರಿಸಿದ ನೆಲ ಕಾಣುತ್ತಿದೆ. ನನ್ನ ಕತೆಯಲ್ಲಿ ಅಂಗಳವೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಆದರೆ ಅವಳು ಇದ್ದಳು, ಆ ನಡಿಗೆ ಇತ್ತು. ನಾನು ಬರೆದ ಕತೆಯನ್ನು ನನಗಿಂತ ಚೆನ್ನಾಗಿ ಓದಿದ್ದ ಮನುಷ್ಯನಿಗೆ ಓದುವ ಅಭ್ಯಾಸ ಇಲ್ಲವೇ ಅಂತ ಕೇಳಿದ್ದೆ.

ಮುಂದಿನದ್ದು ಇನ್ನೂ ಕೆಟ್ಟದ್ದು. ಆ ದಾರಿಯನ್ನು ಎತ್ತಿಕೊಂಡು ನನ್ನ ಕತೆಯೊಳಗೆ ಹಾಕಿದೆ. ಮೂರು ಸಾಲು. ಸಂಕಲನ ಬಂತು, ವಿಮರ್ಶೆ ಬರೆದವರು ಆ ಮೂರು ಸಾಲನ್ನೇ ಎತ್ತಿ ಹೊಗಳಿದರು. ಒಂದು ಸಭೆಯಲ್ಲಿ ಹಾರ ಹಾಕಿದಾಗಲೂ ಅದನ್ನೇ ಓದಿದರು. ನಾನು ಕುತ್ತಿಗೆ ಬಗ್ಗಿಸಿ ಹಾರ ಹಾಕಿಸಿಕೊಂಡೆ, ಬಾಯಿ ಬಿಡಲಿಲ್ಲ. ಆ ಮನುಷ್ಯ ತೀರಿಹೋದದ್ದು ಗೊತ್ತಾದಾಗಲೂ ಅವರ ಮನೆಯವರಿಗೆ ನಾಲ್ಕು ಸಾಲು ಬರೆಯಲಿಲ್ಲ. ಕೇಳದೆ ಕೋಟಿಗಟ್ಟಲೆ ಕಲಾವಿದರ ಚಿತ್ರ ನುಂಗಿದೆ ಅಂತ ಈಗ ಆ ಯಂತ್ರಗಳ ಮೇಲೆ ಕೋರ್ಟಿಗೆ ಹೋಗುತ್ತಿದ್ದಾರಲ್ಲ, ಹೋಗಲಿ, ಹೋಗಬೇಕಾದದ್ದೇ. ಆದರೆ ಆ ಸುದ್ದಿ ಓದುವಾಗ ನನಗೆ ಜೋರಾಗಿ ಬೈಯಲಿಕ್ಕೆ ಬರುವುದಿಲ್ಲ.

ನಿನ್ನ ಯಂತ್ರ ನಿನ್ನ ಕತೆ ಓದಿಲ್ಲ ಮಗಾ. ನೀನು ಅದಕ್ಕೆ ಕೊಟ್ಟದ್ದು ಆ ನಾಲ್ಕು ಸಾಲು ಮಾತ್ರ. ಹದಿನಾಲ್ಕು ಪುಟ ಪೂರ್ತಿ ಕೊಟ್ಟಿದ್ದರೂ, ನೀನು ಬರೆಯದೆ ಬಿಟ್ಟದ್ದನ್ನು ಅದು ತನ್ನ ರಾಶಿಯಿಂದಲೇ ತುಂಬಿಸುತ್ತಿತ್ತು, ನಿನ್ನ ಅಮ್ಮನ ಅಂಗಳದಿಂದ ಅಲ್ಲ. ಅದು ಚಿತ್ರ ಶುರು ಮಾಡುವುದೇ ಬರೀ ಚುಕ್ಕೆಗಳಿಂದ, ಹಿಂದೆ ಸಿಗ್ನಲ್ ಹೋದಾಗ ಟಿವಿಯಲ್ಲಿ ಬರುತ್ತಿತ್ತಲ್ಲ, ಹಾಗೆ. ಚುಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ತಿದ್ದುತ್ತಾ ನಿನ್ನ ಮಾತಿಗೆ ಹತ್ತಿರ ಬರುತ್ತದೆ. ಕೊನೆಗೆ ಒಂದು ಮೂಲೆಯೂ ಖಾಲಿ ಇರುವುದಿಲ್ಲ. ನಿಮ್ಮ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಗೆರೆಚಿತ್ರಗಳನ್ನು ಎಲ್ಲಾದರೂ ಸಿಕ್ಕಿದರೆ ನೋಡು. ಕುಣಿಯುವವಳಿಗೆ ನಾಲ್ಕು ಗೆರೆ, ಬಾರಿಸುವವನಿಗೆ ಇನ್ನು ನಾಲ್ಕು. ಉಳಿದದ್ದೆಲ್ಲ ಬಿಳಿ ಕಾಗದ. ಆ ಬಿಳಿಯಲ್ಲೇ ತಾಳ ಕೇಳುತ್ತದೆ.

ಹಾಗಾದರೆ ಚಿತ್ರ ಹಾಕಲೇಬಾರದಾ ಅಂತ ಕೇಳುತ್ತೀಯ. ಹಾಕು ಮಾರಾಯಾ, ಯಾರು ಬೇಡ ಅಂದರು. ಆ ಬಸ್ಸಿನ ತಮಾಷೆ ಲೇಖನಕ್ಕೆ ಹಾಕಿದ್ದೀಯಲ್ಲ, ಬಸ್ಸಿನ ಬೋರ್ಡಿನಲ್ಲಿ 'ಸ್ಟೇಟ್‌ಬ್ಯಾಂಕ್' ಅಂತ ಇರಬೇಕಾದಲ್ಲಿ ಕನ್ನಡದ ಹಾಗೆ ಕಾಣುವ ಜಿಲೇಬಿ ಇದೆ, ಅದಕ್ಕೆ ನಾನು ಬಿದ್ದು ಬಿದ್ದು ನಕ್ಕೆ, ಅದು ಇರಲಿ. ಯಂತ್ರದಿಂದ ಮಾಡಿಸಿದ್ದು ಅಂತ ಕೆಳಗೆ ಒಂದು ಸಾಲು ಬರೆ, ನಾಚಿಕೆ ಏನಿಲ್ಲ. ಆದರೆ ನಿನ್ನ ಅಮ್ಮನ ಮುಖವನ್ನು ಅದರ ಹತ್ತಿರ ಕೇಳಬೇಡ. ತೀರಾ ಚಿತ್ರ ಬೇಕೇ ಬೇಕು ಅಂತಾದರೆ ಆ ತಡ್ಪೆಯ ಫೋಟೋ ತೆಗೆ. ಕತ್ತರಿ, ನೂಲಿನ ಉಂಡೆ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ. ಮೊಬೈಲಿನಲ್ಲಿ ಸಾಕು.

ಕತೆಯನ್ನು ಚಿತ್ರ ಇಲ್ಲದೆ ಪುನಃ ಬರೆದು ಕಳಿಸು. ನಾಲ್ಕನೆಯ ಪುಟದಲ್ಲಿ ಆ ಪ್ರಾಂಪ್ಟಿನ ಸಾಲು ಇರಬೇಕು, 'ದುಃಖ' ಅನ್ನುವ ಪದ ಇಡೀ ಕತೆಯಲ್ಲಿ ಇರಬಾರದು. ಹೊಗಳುತ್ತೇನೆ ಅಂತ ಕಾಯಬೇಡ, ಆ ಉಗುರಿನ ಬಗ್ಗೆ ಈಗಾಗಲೇ ಜಾಸ್ತಿ ಹೇಳಿಬಿಟ್ಟೆ.

ಬರೆಯಲಿಕ್ಕೆ ಕೂರುವ ಮೊದಲು ಒಂದು ಕೆಲಸ ಇದೆ. ಅಮ್ಮ ರಾತ್ರಿ ಬೀಡಿ ಕಟ್ಟುವಾಗ ಹತ್ತಿರ ಕೂತು ಕೇಳು. ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಸಾವಿರದ ಲೆಕ್ಕಕ್ಕೆ ತಾನೇ ದುಡ್ಡು ಕೊಡುವುದು? ಅಣ್ಣನ ಫೋನು ಬಂದ ಆ ದಿನ ಸಾವಿರ ತುಂಬಿತ್ತಾ?

ಇತಿ,
ನಿನ್ನ ಟೀಚರ್
ಮಣ್ಣಗುಡ್ಡೆ, ಮಂಗಳೂರು