‘ಪನಿ ಉಂಡೋ?’ ಎಂದರೆ ನಮ್ಮ ಅಮ್ಮನಿಗೆ ತಿಳಿದದ್ದೇ ಬೇರೆ

ಮಾನ್ಯ ಸಂಪಾದಕರೇ,

ನಾವು ಕಾಸರಗೋಡು ಜಿಲ್ಲೆಯ ಪೈವಳಿಕೆಯವರು. ಮನೆಯಲ್ಲಿ ತುಳು, ಓದು ಬರಹ ಕನ್ನಡ. ಅಮ್ಮನಿಗೆ 72 ವರ್ಷ. ಅಡಿಕೆ ತೋಟ, ಮನೆ ಬಿಟ್ಟು ಹೊರಗೆ ಹೋದದ್ದು ಕಡಿಮೆ. ಮಲಯಾಳ ಕಿವಿಗೆ ಬಿದ್ದದ್ದೂ ಕಡಿಮೆ.

ಕಳೆದ ಜುಲೈಯಲ್ಲಿ ಅವರಿಗೆ ನಾಲ್ಕು ದಿನ ಬಿಡದೆ ರಾತ್ರಿ ಚಳಿ ಜ್ವರ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಂಚಿನಲ್ಲಿ ಕೂರಿಸಿ, ರೇಷನ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಹೊರಗೆ ಹೋದೆ. ಆ ಹೊತ್ತಿಗೇ ಸರದಿ ಬಂತು. ನರ್ಸ್ ಕೇಳಿದರಂತೆ: ‘ಅಮ್ಮೇ, ಪನಿ ಉಂಡೋ?’

ಮಲಯಾಳದಲ್ಲಿ ಪನಿ ಎಂದರೆ ಜ್ವರ. ತುಳುವಿನಲ್ಲಿ ತುಂತುರು ಮಳೆ. ‘ಇದೆ’ ಎನ್ನಲು ‘ಉಂಡು’ ಎಂಬ ಮಾತು ಎರಡರಲ್ಲೂ ಒಂದೇ. ಅಮ್ಮ ಕಿಟಕಿಯ ಕಡೆ ನೋಡಿದರು. ಮಳೆ ಆಗಷ್ಟೇ ನಿಂತಿತ್ತು. ಇಲ್ಲ ಎಂದು ತಲೆ ಆಡಿಸಿದರು. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿದ್ದರಿಂದ ಆಗ ಮೈಯೂ ಬಿಸಿ ಇರಲಿಲ್ಲ. ಚೀಟಿಯಲ್ಲಿ ಜ್ವರ ಇಲ್ಲ ಎಂದು ಬರೆದರು. ಮೈಕೈ ನೋವಿಗೆ ಮಾತ್ರೆ ಕೊಟ್ಟು ಕಳಿಸಿದರು. ನಾನೂ ಚೀಟಿ ಸರಿಯಾಗಿ ನೋಡಲಿಲ್ಲ. ಮೂರನೇ ದಿನ ಕಣ್ಣು ಹಳದಿಯಾಯಿತು. ಬೇರೆ ಕಡೆ ತೋರಿಸಿದಾಗ ಇಲಿ ಜ್ವರ ಎಂದರು. ಹತ್ತು ದಿನ ಮಲಗಿ ಎದ್ದರು.

ಈ ಕಥೆ ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ನರ್ಸನ್ನೂ ನಾನು ದೂರುವುದಿಲ್ಲ. ದೂರದ ತೆಂಕಣ ಜಿಲ್ಲೆಯಿಂದ ಬಂದ ಹುಡುಗಿ. ಅವರಿಗೆ ಯಾರು ಕನ್ನಡ, ತುಳು ಹೇಳಿಕೊಟ್ಟಿದ್ದಾರೆ?

1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಆದರೂ ಕಾಯಿಲೆ ಬಂದರೆ ನಮ್ಮವರು ಮಂಗಳೂರಿಗೇ ಓಡುತ್ತಿದ್ದರು, ಹಾಗಾಗಿ ಭಾಷೆಯ ಕಷ್ಟ ಅಷ್ಟಾಗಿ ಹೊರಗೆ ಬರಲಿಲ್ಲ. 2020ರಲ್ಲಿ ಕೊರೊನಾ ಬಂದು ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸಪೂರ ಎಂದು ಗೊತ್ತಾಯಿತು. ಅಲ್ಲದೆ, ದುಡ್ಡಿಲ್ಲದವರು ಯಾವತ್ತೂ ಇಲ್ಲಿನ ಸರ್ಕಾರಿ ಆಸ್ಪತ್ರೆಯನ್ನೇ ನಂಬಿದವರು. ನಮ್ಮ ಜಿಲ್ಲೆಯ ಎಣ್ಮಕಜೆಯಲ್ಲಿ, ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಗಳನ್ನೇ ನೋಡಿ. ಮಾತು ಬಾರದ ಮಗುವಿನ ನೋವನ್ನು ತಾಯಿಯೇ ಹೇಳಬೇಕು. ಆ ತಾಯಿಗೆ ಕನ್ನಡ ಬಿಟ್ಟು ಬೇರೆ ಬರದಿದ್ದರೆ?

ಹೊಸ ಕಾನೂನು ಏನೂ ಬೇಕಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಕನ್ನಡಿಗರು ಹೆಚ್ಚಿರುವ ಪ್ರದೇಶದ ಸರ್ಕಾರಿ ಕಚೇರಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಗುಮಾಸ್ತರ ಕೆಲಸಕ್ಕೆ ಕೇರಳದ ಲೋಕಸೇವಾ ಆಯೋಗ (ಪಿಎಸ್‌ಸಿ) ಕನ್ನಡ, ಮಲಯಾಳ ಎರಡೂ ಬಲ್ಲವರನ್ನು ಕರೆಯುತ್ತದೆ. ಅರ್ಜಿಗೆ ಕನ್ನಡ ಬೇಕಾದರೆ ಹೊಟ್ಟೆನೋವಿಗೆ ಬೇಡವಾ? ಹೊರರೋಗಿಗಳನ್ನು ನೋಡುವ ಒ.ಪಿ.ಯಲ್ಲಿ ರೋಗಿಯ ಎದುರು ಕೂರುವವರಲ್ಲಿ ಒಬ್ಬರಿಗಾದರೂ ಕನ್ನಡ ಬರಲಿ. ಆಪರೇಷನ್‌ಗೆ ಮೊದಲು ಸಹಿ ಹಾಕಿಸುವ ಕಾಗದವಾದರೂ ಕನ್ನಡದಲ್ಲಿರಲಿ. ನಮ್ಮ ಪಕ್ಕದ ಮನೆಯವರು ಒಂದಕ್ಷರ ಓದಲಾಗದೆ ಹೆಬ್ಬೆಟ್ಟು ಒತ್ತಿ ಬಂದರು. ಅವರು ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಪಾಸಾದವರು.

ಅಮ್ಮ ಹುಷಾರಾದ ಮೇಲೆ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಜೊತೆ ಕೂತು ಒಂದು ಪಟ್ಟಿ ಬರೆದೆವು. ಜ್ವರಕ್ಕೆ ಪನಿ, ಭೇದಿಗೆ ವಯಟ್ಟಿಳಕ್ಕಂ, ತಲೆಸುತ್ತಿಗೆ ತಲಕರಕ್ಕಂ, ಹೀಗೆ ನಲವತ್ತು ಮಾತು. ಒಂದು ಕಡೆ ಕನ್ನಡ ಅಕ್ಷರ, ಇನ್ನೊಂದು ಕಡೆ ಮಲಯಾಳ ಅಕ್ಷರ. ಬೆರಳು ಇಟ್ಟು ತೋರಿಸಿದರೆ ಸಾಕು. ಅಕ್ಕಪಕ್ಕದ ಎಂಟು ಮನೆಯವರು ಈಗ ಅದನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ಆರೋಗ್ಯ ಇಲಾಖೆ ಕೇಳಿದರೆ ಅದರ ಪ್ರತಿ ನಾನೇ ತಂದುಕೊಡುತ್ತೇನೆ.

– ಒಬ್ಬ ಅಡಿಕೆ ಕೃಷಿಕ, ಪೈವಳಿಕೆ