ಆರೋಗ್ಯ ಸಚಿವರೇ, ಮುಟ್ಟಿನ ನೋವಿಗೂ ಒಂದು ಕಾಲಂ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಿಮ್ಮ ಇಲಾಖೆಯ ಆರೋಗ್ಯ ಆಪ್‌ನಲ್ಲಿ ಬಿ.ಪಿ.ಗೆ ಜಾಗವಿದೆ, ಶುಗರ್‌ಗಿದೆ, ನಡೆದ ಹೆಜ್ಜೆ ಎಣಿಸುವುದಕ್ಕೂ ಇದೆ. ಮುಟ್ಟಿಗೆ ಮಾತ್ರ ಒಂದೇ ಕಾಲಂ: ಕೊನೆಯ ಮುಟ್ಟಿನ ದಿನಾಂಕ. ಎಷ್ಟು ನೋವು, ಎಷ್ಟು ರಕ್ತಸ್ರಾವ, ಆ ದಿನ ಕೆಲಸಕ್ಕೆ ಹೋಗಲಾಯಿತೇ ಎಂದು ಕೇಳುವವರಿಲ್ಲ. ಬಸುರಿಯೋ ಅಲ್ಲವೋ ಅಂತ ತಿಳಿದರೆ ಇಲಾಖೆಗೆ ಸಾಕೇನೋ.

ನಾನು ವರ್ಷಗಳಿಂದ ಬೇರೊಂದು ಆಪ್‌ನಲ್ಲಿ ಬರೆದಿಡುತ್ತಿದ್ದೇನೆ. ಹತ್ತಕ್ಕೆ ಎಷ್ಟು ನೋವು, ಪ್ಯಾಡ್ ಎಷ್ಟು ಹೊತ್ತಿಗೆ ತುಂಬಿತು, ಗಡ್ಡೆಗಡ್ಡೆಯಾಗಿ ಹೋಯಿತೇ, ಮಾತ್ರೆ ನುಂಗಿ ಯಾವಾಗ ಎದ್ದು ಕೂತೆ, ಎಲ್ಲ. ಮುಟ್ಟು ಶುರುವಾಗುವ ಮೊದಲೇ ನೋವು ಏರುವುದು ಗ್ರಾಫ್‌ನಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬಾಯಲ್ಲಿ ಹೇಳಿದರೆ "ಎಲ್ಲರಿಗೂ ಆಗತ್ತಮ್ಮ" ಅನ್ನುತ್ತಾರೆ, ಇದನ್ನಾದರೂ ತೋರಿಸೋಣವೆಂದು ಫೋನ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಅದರತ್ತ ಕಣ್ಣೂ ಹಾಯಿಸಲಿಲ್ಲ. "ಮೊಬೈಲ್ ನೋಡೋದು ಕಡಿಮೆ ಮಾಡಿ, ನೋವೂ ಕಡಿಮೆಯಾಗತ್ತೆ" ಅಂದರು. ಪಕ್ಕದಲ್ಲಿದ್ದ ನರ್ಸ್ ಮುಸಿಮುಸಿ ನಕ್ಕರು.

ಅಷ್ಟಕ್ಕೇ ಮುಗಿಯಲಿಲ್ಲ ಸ್ವಾಮಿ. ದಿನಾಂಕ ಸರಿಯಿತ್ತಲ್ಲ, ಅವರ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ "ಋತುಚಕ್ರ: ಸಹಜ" ಎಂದು ಟಿಕ್ ಬಿತ್ತು. ಈಗ ಯಾವ ಡಾಕ್ಟರು ನನ್ನ ದಾಖಲೆ ತೆರೆದರೂ ಮೊದಲು ಕಾಣುವುದು ಅದೇ. ಬೆವರಿ, ವಾಂತಿ ಮಾಡಿಕೊಂಡು, ಬಚ್ಚಲ ನೆಲದ ಮೇಲೆ ಮುದುರಿಕೊಂಡು ಬಿದ್ದಿರುವವಳು ಸರ್ಕಾರದ ಲೆಕ್ಕದಲ್ಲಿ ಸಹಜ!

ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿದ್ದರೂ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆದು ನೋವು ಕೊಡುವ ಕಾಯಿಲೆ) ಇರಬಹುದು ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಅದಿದೆ. ಅದು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ನನಗೆ ಅದೇ ಇದೆ ಅನ್ನುತ್ತಿಲ್ಲ, ಆಪ್ ನೋಡಿ ರೋಗ ಹೇಳಲೂ ಆಗದು. ಪರೀಕ್ಷೆ ಮಾಡಿ ಹೇಳಬೇಕಾದವರು ನೀವು ನೇಮಿಸಿದ ಡಾಕ್ಟರು. ಅವರ ಮುಂದೆ ನೋವಿನ ಕಾಲಂ ಇರಲಿ ಅನ್ನುತ್ತಿದ್ದೇನೆ, ಅಷ್ಟೇ.

ಖಾಸಗಿ ಆಪ್‌ಗಳಿವೆಯಲ್ಲ ಎನ್ನಬೇಡಿ. ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗೆ ದಾಟಿಸಿದ ಆರೋಪ ಮುಟ್ಟಿನ ಲೆಕ್ಕ ಇಡುವ ಫ್ಲೋ ಆಪ್ ಮೇಲೆ ಬಂದು, 2021ರಲ್ಲಿ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಜೊತೆ ಅದು ರಾಜಿ ಮಾಡಿಕೊಂಡದ್ದು ತಮಗೆ ತಿಳಿದದ್ದೇ. ನನ್ನ ರಕ್ತಸ್ರಾವದ ವಿವರ ಜಾಹೀರಾತಿನವರಿಗೆ ಬೇಕು, ಡಾಕ್ಟರಿಗೆ ಬೇಡ. ಇದ್ಯಾವ ನ್ಯಾಯ?

ನೋವಿಗೊಂದು ಕಾಲಂ, ಸ್ರಾವಕ್ಕೊಂದು ಕಾಲಂ ಕೊಡಿ. ನಾವು ಮನೆಯಲ್ಲಿ ತುಂಬಿದ್ದು ಡಾಕ್ಟರ ಕಂಪ್ಯೂಟರಿನಲ್ಲಿ ತೆರೆಯಲಿ, ನಮ್ಮ ಒಪ್ಪಿಗೆಯಿಲ್ಲದೆ ಬೇರೆಲ್ಲೂ ಹೋಗದಿರಲಿ. ಮತ್ತೆ ಹೇಳುತ್ತೇನೆ, ಎರಡು ಕಾಲಂ. ಸಮಿತಿ ರಚಿಸಿದ್ದೇವೆ ಎಂಬ ಉತ್ತರ ಮಾತ್ರ ಬೇಡ. ರಚಿಸಲೇಬೇಕೆಂದಿದ್ದರೆ, ಮುಟ್ಟಾಗುವವರನ್ನು ಒಬ್ಬರನ್ನಾದರೂ ಅದರಲ್ಲಿ ಕೂರಿಸಿ.

ಇಂತಿ,
ನಿಮ್ಮ ದಾಖಲೆಯಲ್ಲಿ "ಸಹಜ"ವಾಗಿರುವ ಒಬ್ಬ ನಾಗರಿಕಳು