ಫುಲ್ ಟೈಮ್ ಅಂತ ಹಾಕಿದ ಕೆಲಸಕ್ಕೂ ಕಡಿಮೆ ಗಂಟೆ ಕೇಳೋಣ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕ್ಲಾಸಿಫೈಡ್ ಪುಟದಲ್ಲಿ ‘ಅಕೌಂಟೆಂಟ್ ಬೇಕಾಗಿದ್ದಾರೆ, ಫುಲ್ ಟೈಮ್, 9.30ರಿಂದ 6.30’ ಎಂಬ ಸಾಲು ಓದಿ ಸುಮ್ನೆ ಪುಟ ತಿರುವಿಬಿಡುವ ಹೆಂಗಸರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಬಿ.ಕಾಂ. ಓದಿದವರು, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಚೆನ್ನಾಗಿ ಗೊತ್ತಿರುವವರು, ಮಗು ಹುಟ್ಟುವ ತನಕ ಒಳ್ಳೆ ಕಡೆ ಕೆಲಸ ಮಾಡಿದವರು. ಅವರ ಹತ್ತಿರ ದಿನಕ್ಕೆ ಐದಾರು ಗಂಟೆ ಇದೆ, ಒಂಬತ್ತು ಗಂಟೆ ಇಲ್ಲ, ಅಷ್ಟೇ. ಅಂಥವರಿಗೆ ನಾನು ಹೇಳುವುದು, ಆ ಕೆಲಸಕ್ಕೂ ಅರ್ಜಿ ಹಾಕಿ, ಹೋಗಿ ಬಾಯಿಬಿಟ್ಟು ಕೇಳಿ. ಕೆಲಸ ಕೊಡುವವರಿಗೂ ಒಂದು ಮಾತು, ಕೇಳಿದ ತಕ್ಷಣ ಆಗಲ್ಲ ಅನ್ನಬೇಡಿ.

ಪಾರ್ಟ್ ಟೈಮ್ ಕೆಲಸವನ್ನೇ ಹುಡುಕಬಹುದಲ್ಲ ಎಂದು ಕೇಳುವವರಿದ್ದಾರೆ. ಹುಡುಕಿ ನೋಡಿ. ‘ಮನೆಯಲ್ಲೇ ಕೂತು ದುಡಿಯಿರಿ, ಹೋಟೆಲ್‌ಗೆ ರೇಟಿಂಗ್ ಕೊಡಿ, ವಿಡಿಯೋಗೆ ಲೈಕ್ ಒತ್ತಿ’ ಎಂದು ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಮೆಸೇಜುಗಳೇ ಜಾಸ್ತಿ. ಮೊದಲು ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ನಂಬಿಸುತ್ತಾರೆ, ಆಮೇಲೆ ದೊಡ್ಡ ಟಾಸ್ಕ್ ಅಂತ ಲಕ್ಷಗಟ್ಟಲೆ ಕಟ್ಟಿಸಿಕೊಂಡು ಮಾಯವಾಗುತ್ತಾರೆ. ಪೊಲೀಸರು ಎಷ್ಟು ಎಚ್ಚರಿಸಿದರೂ ಇದು ನಿಂತಿಲ್ಲ. (ಹಣ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.) ಇದನ್ನು ಬಿಟ್ಟರೆ ಟೆಲಿಕಾಲಿಂಗ್, ಡೇಟಾ ಎಂಟ್ರಿ. ಓದಿಗೂ ಅನುಭವಕ್ಕೂ ತಕ್ಕ ಕೆಲಸಗಳು ಎಲ್ಲಾ ‘ಫುಲ್ ಟೈಮ್’ ಅನ್ನುವ ಹಣೆಪಟ್ಟಿಯ ಕೆಳಗೇ ಇವೆ. ಹಾಗಾಗಿ ಅಲ್ಲಿಗೇ ಹೋಗಿ ಕೇಳದೆ ಬೇರೆ ದಾರಿಯಿಲ್ಲ.

ನಾನು ಅಕೌಂಟೆಂಟ್. ಮನೆ ಬಸವೇಶ್ವರನಗರದಲ್ಲಿ. ಮಗಳು ಇನ್ನೂ ಚಿಕ್ಕವಳು, ಸ್ಕೂಲ್ ಮೂರೂವರೆಗೆ ಬಿಡುತ್ತದೆ. ಅತ್ತೆಗೆ ಸ್ಟ್ರೋಕ್ ಆಗಿ ಒಂದು ಕೈ ಸ್ವಾಧೀನದಲ್ಲಿಲ್ಲ. ಮತ್ತೆ ಕೆಲಸಕ್ಕೆ ಹೊರಟಾಗ ಒಂದು ಕಂಪನಿಯ ಎಚ್‌ಆರ್ ಹುಡುಗಿ ನನ್ನ ಮಾತು ಮುಗಿಯುವ ಮೊದಲೇ ‘ಮೇಡಂ, ನಮ್ಮಲ್ಲಿ ಪಾಲಿಸಿ ಇಲ್ಲ’ ಅಂದಳು. ಇನ್ನೊಂದು ಕಡೆ ‘ಹಾಗಾದ್ರೆ ನಿಮಗೆ ಕೆಲಸದ ಮೇಲೆ ಆಸಕ್ತಿ ಇಲ್ಲ ಅಂತಾಯ್ತು’ ಅಂದರು. ಈ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ಆಸಕ್ತಿ ಇಲ್ಲದವರು ಮನೆಯಲ್ಲಿ ಇಷ್ಟೆಲ್ಲ ಹೊಂದಿಸಿಕೊಂಡು ಇಂಟರ್‌ವ್ಯೂಗೆ ಬರುತ್ತಾರಾ?

ಕೊನೆಗೆ ಪೀಣ್ಯದ ಒಂದು ಚಿಕ್ಕ ಫ್ಯಾಕ್ಟರಿಯ ಮಾಲೀಕರು ಒಪ್ಪಿದರು, ಅದೂ ನಾನು ಒಂದು ಹಾಳೆ ಬರೆದುಕೊಂಡು ಹೋಗಿದ್ದರಿಂದ. ಆ ಹಾಳೆಯಲ್ಲಿ ಏನಿತ್ತು ಅಂತ ಹೇಳುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಅಕೌಂಟ್ಸ್ ಕೆಲಸ ತಿಂಗಳಿಡೀ ಒಂದೇ ಸಮ ಇರುವುದಿಲ್ಲ. 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ ಕಟ್ಟಬೇಕು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ, ನಡುವೆ 15ಕ್ಕೆ ನೌಕರರ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಆರೋಗ್ಯ ವಿಮೆ) ಹಣ. ಈ ತಾರೀಖುಗಳ ಹಿಂದಿನ ಒಂದೆರಡು ದಿನ ರಾತ್ರಿಯಾದರೂ ಕೂತು ಮುಗಿಸುತ್ತೇನೆ, ಉಳಿದ ದಿನ ಎರಡೂವರೆಗೆ ಹೊರಡುತ್ತೇನೆ ಅಂತ ಬರೆದಿದ್ದೆ. ಯಾವ ಕೆಲಸ ನನ್ನಿಂದ ಆಗುವುದಿಲ್ಲ ಅನ್ನುವುದನ್ನೂ ಬರೆದಿದ್ದೆ, ಸಂಜೆ ಬರುವ ಲಾರಿಗಳ ಬಿಲ್ ಮಾಡುವುದು, ಸಪ್ಲೈಯರ್‌ಗಳ ಫೋನ್ ತೆಗೆಯುವುದು ಇಂಥವು. ಅವರು ಎರಡು ಸಲ ಓದಿ, ಒಂದು ತಿಂಗಳು ನೋಡೋಣಮ್ಮ ಅಂದರು. ಈಗಲೂ ಅಲ್ಲೇ ಇದ್ದೇನೆ.

ಯಾವಾಗ ಕೇಳಬೇಕು ಅನ್ನುವುದು ಎಲ್ಲರ ತಲೆನೋವು. ರೆಸ್ಯೂಮೆಯ ಮೊದಲ ಸಾಲಿನಲ್ಲೇ ಬರೆದರೆ ಯಾರೂ ಕರೆಯುವುದಿಲ್ಲ. ಆಫರ್ ಲೆಟರ್ ಕೈಗೆ ಬಂದ ಮೇಲೆ ಹೇಳಿದರೆ ಮೋಸ ಮಾಡಿದಂತೆ ಅನ್ನಿಸುತ್ತದೆ, ಅವರೂ ಬೇರೆಯವರನ್ನು ಬೇಡವೆಂದು ಕಳಿಸಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕೆಲಸ ಏನು ಅಂತ ಅವರು ನೋಡಿದ ಮೇಲೆ, ಸಂಬಳದ ಮಾತು ಶುರುವಾಗುವ ಮುಂಚೆ ಹೇಳಬೇಕು. ನೇರವಾಗಿ ಹೇಳಬೇಕು, ಕ್ಷಮೆ ಕೇಳುತ್ತಾ ಅಲ್ಲ.

ಕೆಲಸ ಕೊಡುವವರು ಹೇಳುವ ಕಾರಣಗಳಲ್ಲಿ ಕೆಲವು ನಿಜ. ದೊಡ್ಡ ಕಂಪನಿಗಳಲ್ಲಿ ಒಂದು ತಂಡಕ್ಕೆ ಇಷ್ಟೇ ತಲೆ ಅಂತ ಲೆಕ್ಕ ಇರುತ್ತದೆ, ಆರು ಗಂಟೆ ಮಾಡುವವರನ್ನು ತೆಗೆದುಕೊಂಡರೂ ಒಂದು ಸೀಟು ಖರ್ಚಾಗಿಬಿಡುತ್ತದೆ. ಮ್ಯಾನೇಜರ್‌ಗೆ ಅದು ನಷ್ಟ. ಇದನ್ನು ಮೇಲಿನವರೇ ಸರಿಮಾಡಬೇಕು, ಮುಕ್ಕಾಲು ಸೀಟು ಅಂತ ಲೆಕ್ಕ ಹಿಡಿಯುವುದು ಅಂಥ ಕಷ್ಟವೇನಲ್ಲ. ಆದರೆ ‘ಪಿಎಫ್ ತೊಂದರೆ ಆಗುತ್ತೆ’, ‘ಕಾನೂನು ಒಪ್ಪಲ್ಲ’ ಅನ್ನುವುದು ಸುಳ್ಳು. ಪಿಎಫ್ ಸಂಬಳದ ಮೇಲೆ 12 ಪರ್ಸೆಂಟ್, ಗಂಟೆಯ ಮೇಲಲ್ಲ. ಸಂಬಳ ಕಡಿಮೆಯಾದರೆ ಮಾಲೀಕರ ಪಾಲೂ ಸಾಮಾನ್ಯವಾಗಿ ಅಷ್ಟೇ ಕಡಿಮೆಯಾಗುತ್ತದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಅನ್ನುತ್ತದೆ. ಇಷ್ಟು ಗಂಟೆ ಮಾಡಲೇಬೇಕು ಅಂತ ಎಲ್ಲೂ ಹೇಳಿಲ್ಲ. 2025ರಲ್ಲಿ ಆ 9ನ್ನು 10 ಮಾಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು. ಗಂಟೆ ಏರಿಸುವ ಬಗ್ಗೆ ಇಷ್ಟು ಚರ್ಚೆ ನಡೆಯುವ ಊರಲ್ಲಿ ಇಳಿಸುವ ಬಗ್ಗೆ ಯಾರೂ ಮಾತೇ ಎತ್ತುತ್ತಿಲ್ಲ, ಬೇಜಾರಾಗುತ್ತದೆ.

ಇನ್ನೊಂದು ಅನ್ಯಾಯ ಸಂಬಳದಲ್ಲಿ ನಡೆಯುತ್ತದೆ. ಎಂಟು ಗಂಟೆಗೆ 30,000 ಕೊಡುವ ಕೆಲಸವನ್ನು ಆರು ಗಂಟೆ ಮಾಡಿದರೆ 22,500 ಬರಬೇಕು ಅಲ್ವಾ? ‘ನಿಮಗೆ ಅನುಕೂಲ ಮಾಡಿಕೊಟ್ಟಿದ್ದೀವಲ್ಲ’ ಅಂತ 15,000 ಕೊಡುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದು, ಸಂಬಳ ಕಡಿದು ಕೆಲಸ ಮಾತ್ರ ಪೂರ್ತಿ ಉಳಿಸುವುದು. ಕಡಿಮೆಯಾದ ಎರಡು ಗಂಟೆಯ ಕೆಲಸ ಯಾರ ಪಾಲಿಗೆ ಹೋಯಿತು ಅಂತ ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ ಅದು ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಪಾಲಿಗೇ ಬರುತ್ತದೆ, ಇದನ್ನು ನನ್ನ ಗೆಳತಿಯರಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ಒಳ್ಳೆಯದೇ. ಆದರೆ 27ನೇ ವಾರ ತಾಯಿ ಮತ್ತೆ ಒಂಬತ್ತು ಗಂಟೆಯ ಕುರ್ಚಿಗೆ ಬರಬೇಕು, ಅದರ ಮೇಲೆ ಸಿಲ್ಕ್ ಬೋರ್ಡ್, ಮಾರತಹಳ್ಳಿಯ ಟ್ರಾಫಿಕ್ ದಾಟಿ ಹೋಗಿ ಬರುವ ಹೊತ್ತು ಬೇರೆ. ಮನೆಯಿಂದ ಕೆಲಸ ಮಾಡಲು ಮಾಲೀಕರು ಒಪ್ಪಿದರೆ ಅವಕಾಶ ಇದೆ, ಗಂಟೆ ಕಡಿಮೆ ಮಾಡುವ ಬಗ್ಗೆ ಒಂದು ಮಾತಿಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಡಿಮೆ ಗಂಟೆ ಕೇಳುವ ಹಕ್ಕಿದೆ. ಮಾಲೀಕರು ಎರಡು ತಿಂಗಳೊಳಗೆ ಉತ್ತರ ಕೊಡಬೇಕು, ಆಗುವುದಿಲ್ಲ ಅಂದರೆ ಕಾನೂನಿನಲ್ಲಿ ಹೇಳಿರುವ ಕಾರಣ ತೋರಿಸಬೇಕು. ಕೊಡಲೇಬೇಕು ಅಂತೇನಿಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗುತ್ತದೆ, ಅಷ್ಟಾದರೂ ನಮಗೂ ಬೇಕು. ಹೆಂಗಸರಿಗೆ ಬಸ್ ಉಚಿತ ಮಾಡಿದ ಸರ್ಕಾರ, 2025ರಲ್ಲಿ ಮುಟ್ಟಿನ ರಜೆಗೆ ಒಪ್ಪಿದ ಸರ್ಕಾರ ಇದು. ಕಾರ್ಮಿಕ ಇಲಾಖೆ ಇದನ್ನೂ ಯೋಚಿಸಲಿ. ಇದು ಹೆಂಗಸರಿಗೆ ಮಾತ್ರ ಅಲ್ಲ, ತಂದೆಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಗಂಡುಮಕ್ಕಳೂ ಇದ್ದಾರೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಕ್ಲಾಸಿಫೈಡ್‌ನಲ್ಲಿ ಪದಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತೀರಿ. ‘ಗಂಟೆ ಹೊಂದಿಸಬಹುದು’ ಅನ್ನುವ ಎರಡು ಪದಗಳಿಗೆ ಮಾತ್ರ ದುಡ್ಡು ಬೇಡ ಅಂತ ಮಾಡಿ, ಬರೆಯುವವರು ಬರೆಯುತ್ತಾರೆ.

– ಒಬ್ಬ ಓದುಗರು, ಬಸವೇಶ್ವರನಗರ, ಬೆಂಗಳೂರು